ಹೊಟ್ಟೆ ತುಂಬಾ ಉಂಡರೂ ಮಗಳಿಗೆ ರಕ್ತ ಯಾಕೆ ಕಮ್ಮಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಊಟಕ್ಕೇನೂ ಕೊರತೆ ಇಲ್ಲ. ದಿನಾ ಮುದ್ದೆ, ಅನ್ನ, ಸಾರು ಇರುತ್ತದೆ, ವಾರಕ್ಕೆ ಎರಡು ಸಲ ಸೊಪ್ಪು ಮಾಡುತ್ತೇವೆ. ಆದರೂ ಪಿಯುಸಿ ಓದುವ ಮಗಳಿಗೆ ಹಿಮೋಗ್ಲೋಬಿನ್ 9 ಅಂತ ಬಂದಿದೆ. ಬೀಟ್‌ರೂಟ್ ಜ್ಯೂಸ್ ಶುರು ಮಾಡಿದ್ದೇವೆ. ಅಷ್ಟು ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೀಟ್‌ರೂಟ್ ನಂಬಿಕೊಂಡು ತಿಂಗಳುಗಟ್ಟಲೆ ಕಾಯುವ ಮನೆಗಳು ತುಂಬಾ ಇವೆ. ಕೆಂಪಗಿದೆ, ಹಾಗಾಗಿ ರಕ್ತ ಆಗುತ್ತದೆ ಅನ್ನೋದು ನಂಬಿಕೆ ಅಷ್ಟೇ. ರಕ್ತದ ಹಿಮೋಗ್ಲೋಬಿನ್ ಆಗಲು ಬೇಕಾದದ್ದು ಕಬ್ಬಿಣಾಂಶ. ನೂರು ಗ್ರಾಂ ಬೀಟ್‌ರೂಟ್‌ನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶ ಕೂಡ ಇಲ್ಲ. ದಾಳಿಂಬೆಯಲ್ಲಿ ಇನ್ನೂ ಕಮ್ಮಿ. ತಿನ್ನಲಿ, ಬೇಡ ಅನ್ನುವುದಿಲ್ಲ. ಆದರೆ 9 ಇದ್ದದ್ದು ಅದರಿಂದ 12 ಆಗುವುದಿಲ್ಲ. ಈ ವಯಸ್ಸಿನ ಹುಡುಗಿಗೆ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ನಿಮ್ಮ ಮಗಳು ನಡುವೆ ಇದ್ದಾಳೆ, ಅದೂ ಕೆಳಗಿನ ಅಂಚಿಗೆ ಹತ್ತಿರದಲ್ಲೇ.

ಅಡುಗೆ ಮಾಡುವವರ ಮೇಲೆ ತಪ್ಪು ಹಾಕುವುದು ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ, ಗಂಡಸರಲ್ಲಿ 25 ಮಂದಿಗೆ, ಐದು ವರ್ಷದ ಒಳಗಿನ ಮಕ್ಕಳಲ್ಲಿ 67 ಮಂದಿಗೆ. ಕರ್ನಾಟಕದಲ್ಲಿ ಹೆಂಗಸರದು ಸುಮಾರು 48, ಮಕ್ಕಳದು 65ಕ್ಕಿಂತ ಜಾಸ್ತಿ. ಇದು ಬಡವರ ಮನೆಯ ಸಮಸ್ಯೆ ಮಾತ್ರ ಅಂದುಕೊಂಡರೆ ತಪ್ಪು, ಅನುಕೂಲಸ್ಥರ ಮನೆಯ ಹೆಂಗಸರಲ್ಲೂ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಇದೆ.

ಹಾಗಾದರೆ ತಿಂದದ್ದೆಲ್ಲ ಎಲ್ಲಿ ಹೋಯಿತು? ಲೆಕ್ಕ ಹಾಕಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹೆಂಗಸಿಗೆ 29. ಪ್ರತಿ ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದಲ್ಲ, ಅದನ್ನು ತುಂಬಿಕೊಳ್ಳಬೇಕು. ಬೆಳೆಯುವ ಹುಡುಗಿಗೆ ಎರಡೂ ಸೇರಿ ಇನ್ನೂ ಜಾಸ್ತಿ. ಈಗ ತಟ್ಟೆ ನೋಡಿ. ಮುನ್ನೂರು ಗ್ರಾಂ ಪಾಲಿಶ್ ಅಕ್ಕಿಯ ಅನ್ನ ಉಂಡರೆ ಸಿಗುವುದು ಎರಡು ಮಿಲಿಗ್ರಾಂ ಅಷ್ಟೇ. ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ ನಾಲ್ಕೂವರೆ ಮಿಲಿಗ್ರಾಂ. ವಾರಕ್ಕೆ ಎರಡು ಸಲದ ಸೊಪ್ಪು, ಸಾರಿನಲ್ಲಿ ಒಂದು ಹಿಡಿ ಬೇಳೆ, ಎಲ್ಲ ಸೇರಿಸಿದರೂ 29ರ ಹತ್ತಿರ ಹೋಗುವುದು ಕಷ್ಟ. ಹೊಟ್ಟೆ ತುಂಬಿದೆ, ಹಸಿವಿಲ್ಲ, ಆದರೆ ಬೇಕಾದದ್ದು ಬರಲಿಲ್ಲ.

ಬಂದದ್ದೂ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಕಾಳು, ಸೊಪ್ಪು, ಧಾನ್ಯದ ಕಬ್ಬಿಣಾಂಶದಲ್ಲಿ ನಮ್ಮ ಕರುಳು ಹೀರಿಕೊಳ್ಳುವುದು ನೂರಕ್ಕೆ ಹತ್ತರ ಒಳಗೆ. ಧಾನ್ಯದಲ್ಲಿರುವ ಫೈಟೇಟ್ ಅನ್ನುವ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯಲ್ಲಿ ಇದೂ ಇದೆ, ಕ್ಯಾಲ್ಸಿಯಮ್ ಕೂಡ ತುಂಬಾ ಇದೆ, ಎರಡೂ ಅಡ್ಡ ಬರುತ್ತವೆ. ರಾಗಿ ಬಿಡಿ ಅಂತ ಖಂಡಿತ ಹೇಳುತ್ತಿಲ್ಲ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ, ರಾತ್ರಿ ಹುಳಿ ಬರಿಸಿ ಅಂಬಲಿ ಕಾಸಿದರೆ ಈ ಫೈಟೇಟ್ ಕಮ್ಮಿಯಾಗುತ್ತದೆ. ನಮ್ಮ ಅಜ್ಜಿಯರು ಮಗುವಿಗೆ ಮೊಳಕೆ ರಾಗಿಯ ಸರಿ ಕುಡಿಸುತ್ತಿದ್ದದ್ದು ಒಳ್ಳೆಯ ಪದ್ಧತಿಯೇ.

ಆಮೇಲೆ ಟೀ. ಊಟ ಮುಗಿದ ತಕ್ಷಣ ಒಂದು ಲೋಟ ಟೀ ಅಥವಾ ಕಾಫಿ ಕುಡಿಯುವ ಅಭ್ಯಾಸ ಇದ್ದರೆ, ಸಿಗುತ್ತಿದ್ದ ಸ್ವಲ್ಪ ಕಬ್ಬಿಣಾಂಶದಲ್ಲೂ ದೊಡ್ಡ ಪಾಲು ಹೋಯಿತು. ಊಟಕ್ಕೂ ಟೀಗೂ ಒಂದೆರಡು ಗಂಟೆ ಅಂತರ ಇರಲಿ. ಅದರ ಬದಲು ಸಾರಿಗೆ ನಿಂಬೆಹಣ್ಣು ಹಿಂಡಿ, ಊಟದ ಜೊತೆ ಒಂದು ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಕೊಡಿ. ವಿಟಮಿನ್ ಸಿ ಜೊತೆಗಿದ್ದರೆ ಕಬ್ಬಿಣಾಂಶ ಚೆನ್ನಾಗಿ ಸೇರುತ್ತದೆ. ಇದಕ್ಕೆ ಖರ್ಚು ಅಂತ ಏನೂ ಇಲ್ಲ.

ನನಗೆ ನಿಜವಾಗಿ ಬೇಜಾರಾಗುವುದು ಇನ್ನೊಂದು ವಿಷಯಕ್ಕೆ. ಮನೆಯಲ್ಲಿ ಯಾರಿಗೆ ಕಬ್ಬಿಣಾಂಶ ಜಾಸ್ತಿ ಬೇಕೋ ಅವರೇ ಕೊನೆಗೆ ಉಣ್ಣುತ್ತಾರೆ. ಗಂಡಸರು, ಅತ್ತೆ ಮಾವ, ಚಿಕ್ಕ ಮಕ್ಕಳು ಎಲ್ಲರದೂ ಮುಗಿದು ತಾಯಿ ಮಗಳು ಕೂರುವ ಹೊತ್ತಿಗೆ ಪಾತ್ರೆಯಲ್ಲಿ ಕಾಳೆಲ್ಲ ಖಾಲಿಯಾಗಿ ತಿಳಿ ಮಾತ್ರ ಉಳಿದಿರುತ್ತದೆ, ಸೊಪ್ಪಿನ ಪಲ್ಯ ಒಂದು ಚಮಚ ಸಿಕ್ಕರೆ ಪುಣ್ಯ. ಅನ್ನಕ್ಕೆ ಕೊರತೆ ಇಲ್ಲ, ಅದನ್ನೇ ತಿಳಿಗೆ ಕಲಸಿಕೊಂಡು ಏಳುತ್ತಾರೆ. ದಯವಿಟ್ಟು ಇವತ್ತಿನಿಂದಲೇ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ, ಕಾಳು ಪಾತ್ರೆಯ ತಳದಿಂದ ಎತ್ತಿ ಮಗಳಿಗೂ ಅವಳ ಅಮ್ಮನಿಗೂ ಬಡಿಸಿ.

ಒಂದು ಸೂಚನೆ ಗಮನಿಸಿ. ಮಗಳು ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನುತ್ತಾಳಾ? "ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತೆ" ಅಂತ ಗದರಿ ಸುಮ್ಮನಾಗಬೇಡಿ. ಕಬ್ಬಿಣಾಂಶ ಕಮ್ಮಿಯಾದವರಲ್ಲಿ ಇಂಥ ಆಸೆ ಹುಟ್ಟುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಗಮನ ಇಲ್ಲ, ಸದಾ ಸುಸ್ತು, ಕಣ್ಣಿನ ಕೆಳರೆಪ್ಪೆ ಒಳಗೆ ಬಿಳಿಚಿದ್ದರೆ ಅದೂ ಇದೇ. ಸೋಮಾರಿ ಅಂತ ಬೈಸಿಕೊಳ್ಳುವ ಎಷ್ಟೋ ಹುಡುಗಿಯರಿಗೆ ಇರುವುದು ರಕ್ತಹೀನತೆ.

ಈಗ ಏನು ಮಾಡಬೇಕು ಅಂದರೆ, ಆ 9 ಕ್ಯಾಂಪಿನಲ್ಲಿ ಬೆರಳು ಚುಚ್ಚಿ ನೋಡಿದ್ದಾದರೆ ಒಮ್ಮೆ ತೋಳಿನಿಂದ ರಕ್ತ ತೆಗೆಸಿ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಪರೀಕ್ಷೆ, ಮಾಡಿಸಿ. ಬೆರಳು ಜೋರಾಗಿ ಹಿಂಡಿದರೂ ಅಂಕಿ ಹೆಚ್ಚುಕಮ್ಮಿ ಆಗುತ್ತದೆ. ಸಾಧ್ಯವಾದರೆ ಫೆರಿಟಿನ್ ನೋಡಿಸಿ, ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಮಾತ್ರೆ ತಪ್ಪಿಸುವ ಹಾಗಿಲ್ಲ. 9ರಲ್ಲಿ ಇರುವಾಗ ಊಟ ಒಂದರಿಂದಲೇ ಮೇಲೆ ಬರುವುದು ತೀರಾ ನಿಧಾನ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ, ಆದರೆ ಅದು ರಕ್ತಹೀನತೆ ಬಾರದ ಹಾಗೆ ತಡೆಯಲು. ಬಂದ ಮೇಲೆ ದಿನಾ ತಗೊಳ್ಳಬೇಕು, ಎಷ್ಟು ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಹೇಳುತ್ತಾರೆ. ಅಲ್ಲಿ ಮಾತ್ರೆ ಉಚಿತ.

ಈ ದೇಶದಲ್ಲಿ ಕಬ್ಬಿಣಾಂಶದ ಮಾತ್ರೆ ಹಂಚುವುದು 1970ರಿಂದ ನಡೆಯುತ್ತಿದೆ. ಅರ್ಧ ಶತಮಾನ ದಾಟಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ, ಎಷ್ಟೋ ಮಾತ್ರೆ ಕಿಟಕಿಯಾಚೆ ಬೀಳುತ್ತದೆ. ಮಕ್ಕಳದೂ ತಪ್ಪಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಹೆದರುತ್ತಾರೆ. ಕಪ್ಪಗಾಗುವುದು ಮಾತ್ರೆಯಿಂದಲೇ, ಹೆದರಬೇಕಿಲ್ಲ ಅಂತ ಮೊದಲೇ ಹೇಳಿದ್ದರೆ ಅರ್ಧ ಸಮಸ್ಯೆ ಮುಗಿಯುತ್ತಿತ್ತು. ತೊಳಸಿದರೆ ರಾತ್ರಿ ಊಟ ಆದ ಮೇಲೆ ಕೊಡಿ. ಹಾಲು, ಟೀ, ಕ್ಯಾಲ್ಸಿಯಮ್ ಮಾತ್ರೆ ಜೊತೆ ಮಾತ್ರ ಬೇಡ. ನಿಂಬೆ ಪಾನಕದ ಜೊತೆ ಆದರೆ ಒಳ್ಳೆಯದು. ಜಂತುಹುಳುವಿನ ಮಾತ್ರೆ ಇತ್ತೀಚೆಗೆ ತಗೊಂಡಿಲ್ಲದಿದ್ದರೆ ಅದನ್ನೂ ಕೇಳಿ. ಬರಿಗಾಲಲ್ಲಿ ಓಡಾಡುವಾಗ ಮಣ್ಣಿನಿಂದ ಚರ್ಮದ ಮೂಲಕ ಒಳಹೊಕ್ಕುವ ಕೊಕ್ಕೆಹುಳು ಕರುಳಲ್ಲಿ ಕೂತು ರಕ್ತ ಹೀರುತ್ತದೆ.

ಊಟದಲ್ಲಿ ಹುರುಳಿಕಾಳು, ಮೊಳಕೆ ಕಾಳು, ನುಗ್ಗೆ ಸೊಪ್ಪು, ದಂಟಿನ ಸೊಪ್ಪು ವಾರಕ್ಕೆ ಎರಡು ಸಲ ಇದ್ದದ್ದು ದಿನಾ ಆಗಲಿ. ಮಾಂಸ ತಿನ್ನುವ ಮನೆಯಾದರೆ ಲಿವರ್, ಮೀನು, ಕೋಳಿ ಕೊಡಿ, ಮಾಂಸದ ಕಬ್ಬಿಣಾಂಶ ಸಲೀಸಾಗಿ ಸೇರುತ್ತದೆ. ಮೊಟ್ಟೆ ತಿನ್ನುವವರಾದರೆ ಮಗಳಿಗೆ ದಿನಾ ಒಂದು ಕೊಡಿ. ಮೊಟ್ಟೆಯಲ್ಲಿರುವ ವಿಟಮಿನ್ ಬಿ12 ಕೂಡ ರಕ್ತಕ್ಕೆ ಬೇಕು. ಶಾಲೆಯಲ್ಲಿ ಮೊಟ್ಟೆ ಬೇಡ, ಬಾಳೆಹಣ್ಣು ಸಾಕು ಅಂತ ವಾದ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಬಾಳೆಹಣ್ಣಿನಲ್ಲಿ ಬಿ12 ಇಲ್ಲ, ಪ್ರೋಟೀನ್ ಇಲ್ಲವೆನ್ನುವಷ್ಟು ಕಮ್ಮಿ. ತಿನ್ನದ ಮಗುವಿಗೆ ಬೇರೆ ಕೊಡಿ, ತಿನ್ನುವ ಮಗುವಿನ ತಟ್ಟೆಯಿಂದ ತೆಗೆಯಬೇಡಿ.

ರೇಷನ್ ಅಕ್ಕಿಯಲ್ಲಿ ಬೇರೆ ಥರ ಕಾಣುವ ಕಾಳು ಸಿಕ್ಕರೆ ಪ್ಲಾಸ್ಟಿಕ್ ಅಂತ ಆರಿಸಿ ಬಿಸಾಡಬೇಡಿ. ಅದು ಅಕ್ಕಿ ಹಿಟ್ಟಿಗೇ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು, ನೂರು ಕಾಳಿಗೆ ಒಂದರಂತೆ ಬೆರೆಸಿದ್ದು.

ಮಾತ್ರೆ ಶುರು ಮಾಡಿ ಒಂದು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂ ಏರಿರಬೇಕು, ಅಂದರೆ 9 ಇದ್ದದ್ದು 10 ಆಗಿರಬೇಕು. ಏರಿಲ್ಲ ಅಂದರೆ ಬಿ12 ಕೊರತೆ, ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ಥಲಸ್ಸೇಮಿಯಾ ಅನ್ನುವ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇವುಗಳಲ್ಲಿ ಯಾವುದಾದರೂ ಇರಬಹುದು, ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏರಿ 12 ಮುಟ್ಟಿದರೂ ಅವತ್ತೇ ನಿಲ್ಲಿಸಬೇಡಿ. ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು. ಮಗಳ ಜೊತೆ ಅಮ್ಮನ ರಕ್ತವನ್ನೂ ಅದೇ ದಿನ ಪರೀಕ್ಷೆ ಮಾಡಿಸಿ.