ಲ್ಯಾಪ್‌ಟಾಪಿನ ಹಿಂದೊಂದು ಘರಾಣೆ

ಯಂತ್ರದಲ್ಲಿ ಕಟ್ಟಿದ ಸಂಗೀತಕ್ಕೆ ಗುರುವಿಲ್ಲ, ಘರಾಣೆ ಎಂಬ ಸಂಗೀತದ ಮನೆತನವಿಲ್ಲ, ಹೀಗಾಗಿ ಜೀವವೂ ಇಲ್ಲ ಎಂಬ ಮಾತು ಧಾರವಾಡದ ಸಂಗೀತಪ್ರಿಯರಲ್ಲಿ ಆಗಾಗ ಕೇಳಿಬರುತ್ತದೆ. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕುಳಿತು ಕೇಳಿದ ಊರು ಹೀಗೆ ಹೇಳಿದರೆ ಅಚ್ಚರಿಯಿಲ್ಲ. ಆದರೆ ಅಮೆರಿಕದ ಎಲೆಕ್ಟ್ರಾನಿಕ್ ಸಂಗೀತಗಾರ ಫ್ಲೈಯಿಂಗ್ ಲೋಟಸ್ ನಡೆದು ಬಂದ ದಾರಿಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಅವರ ನಿಜ ಹೆಸರು ಸ್ಟೀವನ್ ಎಲಿಸನ್. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದರು. ಅಜ್ಜಿ ಮರ್ಲಿನ್ ಮೆಕ್ಲಿಯೋಡ್ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಗೆ ಹಾಡು ಬರೆದವರು. ಅಜ್ಜಿಯ ಒಡಹುಟ್ಟಿದವರೇ ಆಲಿಸ್ ಕೋಲ್ಟ್ರೇನ್.

ಆಲಿಸ್ ಅವರ ಬಗ್ಗೆ ತುಸು ಹೆಚ್ಚೇ ಹೇಳಬೇಕು. ಡೆಟ್ರಾಯಿಟಿನ ಚರ್ಚಿನಲ್ಲಿ ವಾದ್ಯ ನುಡಿಸುತ್ತ ಬೆಳೆದ ಅವರು ಜಾಜ್ ದಿಗ್ಗಜ ಜಾನ್ ಕೋಲ್ಟ್ರೇನ್ ಅವರನ್ನು ಮದುವೆಯಾದರು. 1967ರಲ್ಲಿ ಪತಿ ತೀರಿಕೊಂಡ ಮೇಲೆ ಸ್ವಾಮಿ ಸಚ್ಚಿದಾನಂದರ ಶಿಷ್ಯೆಯಾದರು. ಗುರುವಿನ ಹೆಸರು ಹೊತ್ತು 1971ರಲ್ಲಿ ಬಂದ ಅವರ ಆಲ್ಬಮಿನಲ್ಲಿ ತಂಬೂರಿ ಮೀಟುತ್ತದೆ. ಅದರ ಮೇಲೆ ತಗ್ಗು ದನಿಯ ಬೇಸ್ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತದೆ, ಹಾರ್ಪಿನ ತಂತಿಗಳು ಹರಿಯುತ್ತವೆ, ಸ್ಯಾಕ್ಸೋಫೋನ್ ಅವಸರವಿಲ್ಲದೆ ಬಿಚ್ಚಿಕೊಳ್ಳುತ್ತದೆ. ಆಧಾರ ಸ್ವರವಾದ ಷಡ್ಜದಲ್ಲಿ ಮನಸ್ಸು ನಿಲ್ಲಿಸಿ ಕೇಳಬಲ್ಲ ನಮ್ಮ ಭಾಗದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂದೆ ಆಲಿಸ್ ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿದರು. 1980ರ ದಶಕದಲ್ಲಿ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ನುಡಿಸುತ್ತ ಸಂಸ್ಕೃತ ಭಜನೆಗಳನ್ನು ಹಾಡಿ ಕ್ಯಾಸೆಟ್ ತಂದರು. ಭಜನೆಗೆ ಸಿಂಥಸೈಜರೇ ಎಂದು ಹುಬ್ಬೇರಿಸುವವರು ಹಾರ್ಮೋನಿಯಂ ಕಥೆಯನ್ನು ನೆನೆಯಬೇಕು. ಯುರೋಪಿನಿಂದ ಬಂದ ಆ ಪೆಟ್ಟಿಗೆಯನ್ನು ಆಕಾಶವಾಣಿ 1940ರಿಂದ ಮೂರು ದಶಕ ಹೊರಗಿಟ್ಟಿತ್ತು. ಗದಗಿನ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಅದನ್ನು ಕೇಳಿದ ಯಾರಿಗೂ ಅದು ಪರದೇಶಿ ಎನಿಸಲಿಲ್ಲ.

ಸ್ಟೀವನ್ ಬಾಲ್ಯದಲ್ಲಿ ಆ ಆಶ್ರಮದ ಸಂಗೀತವನ್ನು ಕೇಳಿ ಬೆಳೆದರು. ಟಿವಿ ಕಾರ್ಯಕ್ರಮಗಳ ನಡುವೆ ಬರುವ ಸಣ್ಣ ತುಣುಕುಗಳಿಗೆ ಸಂಗೀತ ಕಟ್ಟಿ ಕೆಲಸ ಕಲಿತರು. 2006ರಲ್ಲಿ ಮೊದಲ ಆಲ್ಬಮ್ ಬಂತು, 2008ರಲ್ಲಿ ಬ್ರೇನ್‌ಫೀಡರ್ ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆ ಹುಟ್ಟಿತು. ಸಾಫ್ಟ್‌ವೇರ್ ತಾಳದ ಪ್ರತಿ ಪೆಟ್ಟನ್ನೂ ಸಮ ಅಂತರದ ಮನೆಗಳಲ್ಲಿ ಕೂರಿಸಬಲ್ಲದು. ಡೆಟ್ರಾಯಿಟಿನ ಹಿಪ್‌ಹಾಪ್ ಸಂಗೀತ ನಿರ್ಮಾಪಕ ಜೆ ಡಿಲ್ಲಾ ಆ ಪೆಟ್ಟುಗಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಯಂತ್ರಕ್ಕೆ ಮನುಷ್ಯನ ನಡಿಗೆ ತಂದಿದ್ದರು. ಎಲಿಸನ್ ಅದನ್ನು ಇನ್ನಷ್ಟು ಮುಂದಕ್ಕೊಯ್ದರು. ನಿಧಾನಗತಿಯ ವಿಲಂಬಿತ ಖ್ಯಾಲಿನಲ್ಲಿ ಗಾಯಕರು ಲಯವನ್ನು ತುಸು ಎಳೆದು, ತಾಳದ ಮೊದಲ ಪೆಟ್ಟಾದ ಸಮ್ ತಪ್ಪಿತೇನೋ ಎನ್ನುವಷ್ಟರಲ್ಲಿ ಬಂದು ಸೇರುವಾಗಿನ ಸುಖವೇ ಇಲ್ಲಿಯೂ ಇದೆ ಎನ್ನುವುದು ನನ್ನ ಅಭಿಪ್ರಾಯ.

2010ರ ‘ಕಾಸ್ಮೊಗ್ರಾಮಾ’ ಅವರ ಬದುಕಿನ ದೊಡ್ಡ ಕೃತಿ. ತಾಯಿ 2008ರಲ್ಲಿ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಆಕೆಯ ಹಾಸಿಗೆಯ ಬಳಿಯ ಯಂತ್ರಗಳ ಸದ್ದನ್ನು ಮಗ ಧ್ವನಿಮುದ್ರಿಸಿಕೊಂಡಿದ್ದರು. ಆ ಸದ್ದು ಆಲ್ಬಮಿನ ಕೊನೆಯ ರಚನೆಯೊಳಗೆ ಸೇರಿದೆ, ಅದರ ಶೀರ್ಷಿಕೆಯಲ್ಲಿ ಜಾನಕಿ ಎಂಬ ಹೆಸರಿದೆ. ಯಂತ್ರದ ಸದ್ದಿನಲ್ಲಿ ಜೀವವಿಲ್ಲ ಎನ್ನುವವರು ಇದನ್ನೊಮ್ಮೆ ಕೇಳಲೇಬೇಕು. ಇದೇ ಆಲ್ಬಮಿನಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು ಆಲಿಸ್ ಅವರ ಮಗ ರವಿ ಕೋಲ್ಟ್ರೇನ್. ತಂದೆ ತಾಯಿ ಅವರಿಗೆ ಸಿತಾರ್ ವಾದಕ ರವಿಶಂಕರರ ಹೆಸರಿಟ್ಟಿದ್ದರು. ನಮ್ಮ ವರಸೆಯ ಲೆಕ್ಕದಲ್ಲಿ ಅವರು ಎಲಿಸನ್‌ಗೆ ಸೋದರಮಾವ.

ಕುಣಿಸುವ ತಾಳದ ಅಮೆರಿಕನ್ ಶೈಲಿಯಾದ ಫಂಕ್ ಎಲಿಸನ್ ಸಂಗೀತದೊಳಗೆ ಹೆಚ್ಚಾಗಿ ಬಂದದ್ದು ಥಂಡರ್‌ಕ್ಯಾಟ್ ಎಂಬ ಗೆಳೆಯನ ಬೇಸ್ ಗಿಟಾರಿನ ಮೂಲಕ. 1973ರಲ್ಲೇ ಸಿಂಥಸೈಜರಿನಲ್ಲಿ ಜಾಜನ್ನೂ ಫಂಕನ್ನೂ ಕೂಡಿಸಿದ್ದ ಹರ್ಬಿ ಹ್ಯಾನ್‌ಕಾಕ್ 2014ರ ಆಲ್ಬಮಿಗೆ ಕೈಜೋಡಿಸಿದರು. ಫಂಕಿನ ಹಿರಿಯ ಜಾರ್ಜ್ ಕ್ಲಿಂಟನ್ 2019ರ ‘ಫ್ಲಾಮಾಗ್ರಾ’ದಲ್ಲಿ ಹಾಡಿದರು. ಎಲಿಸನ್ ಸೇರಿ ನಿರ್ಮಿಸಿದ ಥಂಡರ್‌ಕ್ಯಾಟ್ ಆಲ್ಬಮಿಗೆ 2021ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಕಿರಾಣಾ ಘರಾಣೆಯೂ ದೂರದ ಕೈರಾನಾದಿಂದ ಅಬ್ದುಲ್ ಕರೀಂ ಖಾನರ ಮೂಲಕ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಬಂದದ್ದು. ಆ ದಾರಿಯನ್ನು ಬಲ್ಲ ಹುಬ್ಬಳ್ಳಿ-ಧಾರವಾಡದ ಕೇಳುಗರು ಆಲಿಸ್ ಅವರ 1971ರ ಆಲ್ಬಮನ್ನು ಮೊದಲು ಕೇಳಲಿ, ಅದರ ಬೆನ್ನಿಗೇ ‘ಕಾಸ್ಮೊಗ್ರಾಮಾ’ ಹಾಕಲಿ. ಮೊದಲ ಸಲ ಅಬ್ಬರದ ತಾಳವನ್ನು ಬಿಟ್ಟು, ಅದರಡಿಯಲ್ಲಿ ಮತ್ತೆ ಕೇಳಿಬರುವ ಹಾರ್ಪಿಗೆ ಕಿವಿಗೊಡುವುದು ಒಳ್ಳೆಯದು.