ಮಕ್ಕಳ ಗ್ರಾಮ: ಬೆಳೆಯುವುದನ್ನು ನೋಡಲು ಯಾರಾದರೂ ಉಳಿಯಬೇಕು

ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನ ತುಂಬ ಅಪ್ಪ ಅಮ್ಮ ಇಲ್ಲದ ಮಕ್ಕಳಿದ್ದರು. ಅವರಿಗೆ ಸಿಗುತ್ತಿದ್ದದ್ದು ಅನಾಥಾಲಯ. ಸಾಲು ಮಂಚ, ಗಂಟೆ ಹೊಡೆದರೆ ಊಟ, ಪಾಳಿ ಮುಗಿದರೆ ಹೊರಟುಹೋಗುವ ಆಯಾ. ಹೊಟ್ಟೆಗೇನೋ ಸಿಗುತ್ತಿತ್ತು. ಆದರೆ ಈ ಹುಡುಗನ ಮೊದಲ ಹಲ್ಲು ಯಾವಾಗ ಬಿತ್ತು, ಕತ್ತಲೆ ಅಂದರೆ ಅವನಿಗೆ ಭಯವಾ, ಜ್ವರ ಬಂದಾಗ ಏನು ಕೊಟ್ಟರೆ ತಿನ್ನುತ್ತಾನೆ? ಇದೆಲ್ಲ ಒಬ್ಬರಿಗೇ ಗೊತ್ತಿರುವುದು ಕಷ್ಟವಿತ್ತು. ಇಂಥ ಮಕ್ಕಳು ಸಣ್ಣ ಸಣ್ಣ ಮನೆಗಳಲ್ಲಿ ಕುಟುಂಬದಂತೆ ಬೆಳೆಯುವ ಮಕ್ಕಳ ಗ್ರಾಮಗಳ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆಯೂ ಇದೇ. ಮಗು ಬೆಳೆಯುವಷ್ಟು ವರ್ಷ ಅದರ ಜೊತೆ ಉಳಿಯುವವರು ಯಾರು?

ದೊಡ್ಡ ಕಟ್ಟಡ ಬೇಡ, ಸಣ್ಣ ಮನೆಗಳಿರಲಿ ಎಂಬ ಯೋಚನೆ ಯುದ್ಧಕ್ಕಿಂತ ತುಂಬಾ ಹಳೆಯದು. 1833ರಲ್ಲೇ ಯೋಹಾನ್ ಹಿನ್ರಿಚ್ ವಿಚೆರ್ನ್ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳನ್ನು ಚಿಕ್ಕ ಚಿಕ್ಕ ಕುಟುಂಬಗಳಂತೆ ಇರಿಸಿದರು. 1876ರಲ್ಲಿ ಲಂಡನ್ ಹತ್ತಿರದ ಬಾರ್ಕಿಂಗ್‌ಸೈಡ್‌ನಲ್ಲಿ ಥಾಮಸ್ ಬರ್ನಾರ್ಡೊ ಹುಡುಗಿಯರಿಗಾಗಿ ಮನೆಗಳ ಒಂದು ಹಳ್ಳಿಯನ್ನೇ ಶುರುಮಾಡಿದರು. ಯುದ್ಧದ ನಂತರ, 1946ರಲ್ಲಿ, ಸ್ವಿಟ್ಜರ್ಲೆಂಡಿನ ಟ್ರೋಗನ್‌ನಲ್ಲಿ ಪೆಸ್ಟಲೋಝಿ ಮಕ್ಕಳ ಗ್ರಾಮ ಹುಟ್ಟಿತು. ಇದರ ಬೀಜ ವಾಲ್ಟರ್ ರಾಬರ್ಟ್ ಕೋರ್ಟಿ 1944ರಲ್ಲಿ ಒಂದು ಪತ್ರಿಕೆಗೆ ಬರೆದ ಲೇಖನ. ಒಂದೊಂದು ದೇಶದ ಮಕ್ಕಳಿಗೆ ಒಂದೊಂದು ಮನೆ. ನಿನ್ನೆ ತನಕ ಒಬ್ಬರ ಮೇಲೊಬ್ಬರು ಬಾಂಬ್ ಹಾಕಿದ್ದ ದೇಶಗಳ ಮಕ್ಕಳು ಅಕ್ಕಪಕ್ಕದ ಮನೆಯವರಾದರು.

ಜಗತ್ತಿನಾದ್ಯಂತ ಹರಡಿದ ಮಾದರಿ ಮಾತ್ರ ಆಸ್ಟ್ರಿಯಾದ ಇಮ್ಸ್ಟ್ ಎಂಬ ಊರಿನದು. 1949ರಲ್ಲಿ ಹರ್ಮನ್ ಗ್ಮೈನರ್ ಅಲ್ಲಿ ಎಸ್‌ಒಎಸ್ ಮಕ್ಕಳ ಗ್ರಾಮ ಶುರುಮಾಡಿದರು. ಅವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದರು, ಸಾಕಿದ್ದು ಅಕ್ಕ. ತಿಂಗಳಿಗೆ ಒಂದು ಶಿಲ್ಲಿಂಗ್ ಕೊಡಿ ಎಂದು ಜನರನ್ನು ಕೇಳಿ ಹಣ ಕೂಡಿಸಿದರು. ಅವರ ಸೂತ್ರದಲ್ಲಿ ಇದ್ದದ್ದು ನಾಲ್ಕೇ: ತಾಯಿ, ಒಡಹುಟ್ಟಿದವರು, ಮನೆ, ಗ್ರಾಮ. ತಾಯಿ ಅಂದರೆ ಹೆತ್ತವಳಲ್ಲ, ಆ ಮನೆಯಲ್ಲೇ ಇದ್ದು ಮಕ್ಕಳನ್ನು ಸಾಕಲು ಸಂಸ್ಥೆ ನೇಮಿಸಿದ ಮನೆತಾಯಿ. ಸ್ವಂತ ಅಣ್ಣತಮ್ಮ, ಅಕ್ಕತಂಗಿಯರನ್ನು ಬೇರೆ ಮಾಡಬಾರದು. ದೊಡ್ಡವರು, ಸಣ್ಣವರು, ಹುಡುಗರು, ಹುಡುಗಿಯರು ಎಲ್ಲ ಒಂದೇ ಸೂರಿನಡಿ ಇರಬೇಕು.

ಇದರ ಬೆಲೆ ಗೊತ್ತಾಗುವುದು ಅಡುಗೆಮನೆಯಲ್ಲಿ. ದೊಡ್ಡ ಸಂಸ್ಥೆಯಲ್ಲಿ ಊಟ ತಟ್ಟೆಗೆ ಬಂದು ಬೀಳುತ್ತದೆ, ಎಲ್ಲಿಂದ ಬಂತೆಂದು ಮಗುವಿಗೆ ಗೊತ್ತಾಗಲ್ಲ. ಗ್ರಾಮದ ಮನೆಯಲ್ಲಿ ಹಾಗಲ್ಲ. ತಾಯಿಯ ಕೈಗೆ ಮನೆಖರ್ಚಿನ ಹಣ ಬರುತ್ತದೆ. ಅವಳು ಸಾಮಾನಿನ ಪಟ್ಟಿ ಬರೆಯುತ್ತಾಳೆ, ಇದು ಈ ತಿಂಗಳು ಬೇಡ ಎಂದು ಒಂದೆರಡನ್ನು ಹೊಡೆದುಹಾಕುತ್ತಾಳೆ. ಪಕ್ಕದಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತ ಹುಡುಗಿ ಅದನ್ನೆಲ್ಲ ನೋಡುತ್ತಾಳೆ. ಸಂಸಾರ ಅಂದರೇನು ಅಂತ ಯಾರೂ ಪಾಠ ಮಾಡಬೇಕಿಲ್ಲ.

ಅದೇ ಕಾಲಕ್ಕೆ ವಿಜ್ಞಾನವೂ ಇದೇ ಮಾತಾಡತೊಡಗಿತ್ತು. 1945ರಲ್ಲಿ ಮನೋವಿಶ್ಲೇಷಕ ರೆನೆ ಸ್ಪಿಟ್ಸ್, ಶುಚಿಯಾದ ಸಂಸ್ಥೆಗಳಲ್ಲೂ ಪ್ರೀತಿ ಸಿಗದ ಶಿಶುಗಳು ಸೊರಗುವುದನ್ನು ತೋರಿಸಿದರು. 1951ರಲ್ಲಿ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಮಗುವಿಗೆ ತಾಯಿಯ ಅಥವಾ ಆ ಸ್ಥಾನದಲ್ಲಿ ಉಳಿದುಕೊಳ್ಳುವ ಒಬ್ಬರ ಸತತ ಒಡನಾಟ ಬೇಕೇ ಬೇಕು ಎಂದರು.

ಹಿಮಾಚಲ ಪ್ರದೇಶದ ಧರ್ಮಶಾಲಾದಲ್ಲಿರುವ ಟಿಬೆಟನ್ ಮಕ್ಕಳ ಗ್ರಾಮದ ಕಥೆ ಇನ್ನೂ ಕಠಿಣ. 1960ರ ಮೇ 17ರಂದು ಜಮ್ಮುವಿನ ರಸ್ತೆ ಕೆಲಸದ ಶಿಬಿರಗಳಿಂದ 51 ಟಿಬೆಟನ್ ನಿರಾಶ್ರಿತ ಮಕ್ಕಳು ಅಲ್ಲಿಗೆ ಬಂದರು. ಅವರ ಹೊಣೆ ಹೊತ್ತವರು ದಲೈಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆಟ್ಸುನ್ ಪೆಮಾ ಬಂದರು, 2006ರವರೆಗೂ ನಡೆಸಿದರು. ನಾಲ್ಕು ದಶಕಕ್ಕೂ ಜಾಸ್ತಿ! ಇಕ್ಕಟ್ಟಿನ ಶಿಶುವಿಹಾರವಾಗಿದ್ದದ್ದು ಮನೆಗಳ ಗ್ರಾಮವಾಯಿತು. ಅಲ್ಲಿ ಬೆಳೆದ ಎಷ್ಟೋ ಜನ ಮುಂದೆ ಅಲ್ಲೇ ಮೇಷ್ಟ್ರಾದರು, ಮನೆತಾಯಂದಿರಾದರು.

ಈ ಕಥೆಯಲ್ಲಿ ಕತ್ತಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಗ್ಮೈನರ್ ತೀರಿಕೊಂಡದ್ದು 1986ರಲ್ಲಿ. ಅವರೇ ಹುಡುಗರ ಮೇಲೆ ದೌರ್ಜನ್ಯ ಎಸಗಿದ ಆರೋಪಗಳನ್ನು ಆಸ್ಟ್ರಿಯಾದ ಎಸ್‌ಒಎಸ್ ಸಂಸ್ಥೆಯೇ 2025ರಲ್ಲಿ ಬಹಿರಂಗ ಮಾಡಿತು. ಒಬ್ಬ ವ್ಯಕ್ತಿಯನ್ನು ದೇವರಂತೆ ಕಂಡ ಕಡೆ ಮಗುವಿನ ದೂರು ಕೇಳುವವರೇ ಇರುವುದಿಲ್ಲ. ಹಾಗಾಗಿ ಮನೆತಾಯಿ ಎಷ್ಟೇ ಒಳ್ಳೆಯವಳಿರಲಿ, ಮಗು ನಂಬಿ ಮಾತಾಡಬಲ್ಲ ಹೊರಗಿನವರೊಬ್ಬರು ಇರಲೇಬೇಕು.

ಇನ್ನೊಂದು ಪ್ರಶ್ನೆ, ಮಗು ಗ್ರಾಮಕ್ಕೆ ಬರಬೇಕಿತ್ತಾ ಅನ್ನುವುದು. ಇಂಥ ಕಡೆ ಇರುವ ಮಕ್ಕಳಲ್ಲಿ ಅನೇಕರಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ. ಬಡತನ ಒಂದನ್ನೇ ಕಾರಣ ಮಾಡಿ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ನನಗೆ ಇದು ಪೂರ್ತಿ ಸರಿ ಅನ್ನಿಸುತ್ತದೆ. ಮೊದಲು ಆ ಅಮ್ಮನ ಕೈಗೆ ನೆರವು ಸಿಗಲಿ. ಎಸ್‌ಒಎಸ್ ಗ್ರಾಮಗಳೂ ಈಗ ಮಗು ಬೇರೆಯಾಗುವ ಮೊದಲೇ ಕುಟುಂಬಕ್ಕೆ ನೆರವಾಗುವ ಕೆಲಸ ಮಾಡುತ್ತಿವೆ.

ಆದರೂ ಮನೆಯೇ ಇಲ್ಲದ ಮಕ್ಕಳು ಇದ್ದೇ ಇರುತ್ತಾರೆ ಅಲ್ವಾ? ಅವರ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಹದಿನೆಂಟನೇ ವಯಸ್ಸು. ಸ್ವಂತ ಮನೆಯಲ್ಲಿ ಬೆಳೆದವರನ್ನು ಆ ವಯಸ್ಸಿಗೆ ಯಾರೂ ಹೊರಗೆ ಕಳಿಸುವುದಿಲ್ಲ. ಕೆಲಸ ಹೋದರೆ, ಮದುವೆ ಮುರಿದರೆ ವಾಪಸ್ ಬರಬಹುದು. ಗ್ರಾಮದಲ್ಲಿ ಬೆಳೆದವಳು ಬಾಗಿಲು ತಟ್ಟುವ ಹೊತ್ತಿಗೆ ಅವಳ ತಾಯಿ ನಿವೃತ್ತಿಯಾಗಿ, ಆ ಮನೆಯಲ್ಲಿ ಬೇರೆ ತಾಯಿ, ಬೇರೆ ಮಕ್ಕಳು ಇರಬಹುದು. ಸಾಕುಮನೆಗಳಲ್ಲಿ ಬೆಳೆದವರು 21ರವರೆಗೆ ಅಲ್ಲೇ ಉಳಿಯಲು ಇಂಗ್ಲೆಂಡ್ 2014ರಲ್ಲಿ ಕಾನೂನು ಮಾಡಿತು. ಮಕ್ಕಳ ಗ್ರಾಮಗಳೂ ಇಂಥದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ನಿವೃತ್ತಿಯಾದ ತಾಯಿಗೆ ಹತ್ತಿರದಲ್ಲೇ ಒಂದು ಸಣ್ಣ ಮನೆ, ಅಲ್ಲಿ ಬಂದವರು ಮಲಗಲು ಒಂದು ಕೋಣೆ. ದಾನ ಕೊಡುವವರು ಮುಂದಿನ ಸಲ ಇದಕ್ಕೂ ಕೊಡಲಿ.