ಪೆಡಲಿನ ಬೇರಿಂಗ್ ಒಂದು ಮಳೆಗಾಲವೂ ಬಾಳುವುದಿಲ್ಲ, ಯಾಕೆ?

ಕಾಸರಗೋಡಿನ ಬದಿಯಡ್ಕದ ಸೈಕಲ್ ರಿಪೇರಿ ಅಂಗಡಿಯಲ್ಲಿ ನನ್ನ ಪೆಡಲ್ ಬಿಚ್ಚಿದಾಗ ಒಳಗಿಂದ ಬಂದದ್ದು ಗ್ರೀಸಲ್ಲ, ಕೆಂಪು ರಾಡಿ. ಮೆಕ್ಯಾನಿಕ್ ಅಣ್ಣ ಅದನ್ನು ತೋರುಬೆರಳಲ್ಲಿ ತೆಗೆದು ಹೆಬ್ಬೆರಳಿಗೆ ಉಜ್ಜಿ ನೋಡಿದರು. "ಮಾರಾಯ್ರೇ, ಇದರಲ್ಲಿ ಗ್ರೀಸ್ ಎಲ್ಲುಂಟು? ಮುರಕಲ್ಲಿನ ಹುಡಿ ಮಾತ್ರ ಇರುವುದು" ಅಂದರು. ಮುರಕಲ್ಲು ಅಂದರೆ ನಮ್ಮ ನೆಲದ ಕೆಂಪು ಕಲ್ಲು. ಪೆಡಲ್ ಹಾಕಿಸಿ ಐದೇ ತಿಂಗಳಾಗಿತ್ತು. ಅದರಲ್ಲಿ ಮೂರು ತಿಂಗಳು ಮಳೆ.

ಶೂ ಕಚ್ಚಿಕೊಳ್ಳುವ ಈ ಪೆಡಲಿಗೆ ಕ್ಲಿಪ್‌ಲೆಸ್ ಪೆಡಲ್ ಅನ್ನುತ್ತಾರೆ. ಶೂವಿನ ಅಡಿಯಲ್ಲಿ ಕ್ಲೀಟ್ ಎಂಬ ಪುಟ್ಟ ಲೋಹದ ತುಂಡು ಇರುತ್ತದೆ. ತುಳಿದರೆ ಅದು 'ಟಕ್' ಅಂತ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ, ಹಿಮ್ಮಡಿ ತಿರುಗಿಸಿದರೆ ಬಿಡುತ್ತದೆ. ಕಚ್ಚಿಕೊಳ್ಳುವ ಪೆಡಲಿಗೆ 'ಕ್ಲಿಪ್ ಇಲ್ಲದ್ದು' ಅಂತ ಹೆಸರು ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಹಿಂದೆ ರೇಸಿನವರು ಕಾಲು ಜಾರದಿರಲಿ ಅಂತ ಪೆಡಲಿನ ಮುಂದೆ ಒಂದು ಪಂಜರ ಕಟ್ಟಿ, ಬೆಲ್ಟಿನಿಂದ ಬಿಗಿದುಕೊಳ್ಳುತ್ತಿದ್ದರು. ಅದು ಟೋ ಕ್ಲಿಪ್. ಅದು ಇಲ್ಲದ ಪೆಡಲ್ ಬಂದಾಗ ಈ ಹೆಸರು ಅಂಟಿಕೊಂಡಿತು.

ಯೋಚನೆ ಹಳೆಯದು. 1895ರಲ್ಲೇ ಅಮೆರಿಕದ ಚಾರ್ಲ್ಸ್ ಹ್ಯಾನ್ಸನ್ ಇಂಥ ಪೆಡಲಿಗೆ ಪೇಟೆಂಟ್ ಪಡೆದಿದ್ದ. 1971ರಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಎಂ71 ಎಂಬ ಪೆಡಲ್ ತಂದಿತು. ಅದರಿಂದ ಕಾಲು ಬಿಡಿಸಲು ಬಗ್ಗಿ ಕೈಯಲ್ಲಿ ಲಿವರ್ ಎಳೆಯಬೇಕಿತ್ತು. ನಿಜವಾಗಿ ನೆಲೆ ನಿಂತದ್ದು 1984ರಲ್ಲಿ, ಸ್ಕೀ ಹಲಗೆಗೆ ಬೂಟು ಕಚ್ಚಿಸುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ಉಪಾಯವನ್ನು ಪೆಡಲಿಗೆ ತಂದಾಗ. ಮರುವರ್ಷ ಫ್ರಾನ್ಸಿನ ರೇಸುಗಾರ ಬರ್ನಾರ್ಡ್ ಇನೋ ಆ ಪೆಡಲ್ ಹಾಕಿಕೊಂಡೇ ಟೂರ್ ಡಿ ಫ್ರಾನ್ಸ್ ಗೆದ್ದರು.

ಆದರೆ ಅದು ಟಾರು ರಸ್ತೆಯ ಪೆಡಲ್. ಕ್ಲೀಟ್ ಶೂವಿನಿಂದ ಹೊರಗೆ ಚಾಚಿಕೊಂಡಿರುತ್ತಿತ್ತು, ಇಳಿದರೆ ಸರಿಯಾಗಿ ನಡೆಯಲಾಗದು. ಗುಡ್ಡದ ಸೈಕಲಿನವರು ಇಳಿಯಬೇಕು, ತಳ್ಳಬೇಕು, ತೋಡು ದಾಟಬೇಕು. ಅವರಿಗಾಗಿ 1990ರಲ್ಲಿ ಜಪಾನಿನ ಶಿಮಾನೋ ಕಂಪನಿ ಎಸ್‌ಪಿಡಿ ಎಂಬ ಪೆಡಲ್ ತಂದಿತು. ಚಿಕ್ಕ ಕ್ಲೀಟ್, ಅದೂ ಶೂವಿನ ಅಟ್ಟೆಯೊಳಗೆ ಹುದುಗಿದ್ದು. ಪೆಡಲಿನ ಎರಡೂ ಬದಿ ಕಚ್ಚುತ್ತದೆ. 2000ದ ದಶಕದ ಆರಂಭದಲ್ಲಿ ಕ್ರ್ಯಾಂಕ್ ಬ್ರದರ್ಸ್‌ನ ಎಗ್‌ಬೀಟರ್ ಬಂತು. ಮೊಟ್ಟೆ ಕಡೆಯುವ ಕಡ್ಡಿಯ ಹಾಗೆ ಕಾಣುತ್ತದೆ, ನಾಲ್ಕು ಬದಿಯೂ ಕಚ್ಚುತ್ತದೆ, ಕೆಸರು ನಿಲ್ಲಲು ಜಾಗವೇ ಇಲ್ಲ. ಅಂದರೆ ಪೆಡಲಿನ ಮೈ ಕರಗುತ್ತ ಹೋಯಿತು. ನನ್ನ ಪ್ರಕಾರ ತೊಂದರೆ ಶುರುವಾದದ್ದು ಇಲ್ಲೇ.

ಅಜ್ಜನ ಸೈಕಲಿನ ರಬ್ಬರ್ ಪೆಡಲ್ ನೆನಪು ಮಾಡಿಕೊಳ್ಳಿ. ಅಂಗೈ ಅಗಲ. ಎರಡು ತುದಿಗೂ ಒಂದೊಂದು ಸಾಲು ಬಾಲ್ಸು, ಅಂದರೆ ಉಕ್ಕಿನ ಗುಂಡು, ಅವು ಉರುಳಲು ದಪ್ಪ ಕೋನು. ಸೈಕಲಿಗೆ ಬಾಲ್ ಬೇರಿಂಗ್ ಹಾಕುವ ಪದ್ಧತಿ 1869ರಷ್ಟು ಹಳೆಯದು. ಪ್ಯಾರಿಸಿನ ಜೂಲ್ ಸುರಿರೇ ಆ ವರ್ಷ ಪೇಟೆಂಟ್ ಪಡೆದ. ಅಜ್ಜನ ಪೆಡಲ್ ಆ ಹಳೇ ವಿದ್ಯೆಯನ್ನು ಧಾರಾಳ ಜಾಗದಲ್ಲಿ ಇಟ್ಟುಕೊಂಡಿತ್ತು. ಸವೆದು ಕಟಕಟ ಅಂದರೂ ತೊಂದರೆಯಿರಲಿಲ್ಲ, ಚಪ್ಪಲಿ ಕಾಲು ಅದರ ಮೇಲೆ ಸುಮ್ನೆ ಕೂತಿರುತ್ತಿತ್ತು.

ಕ್ಲಿಪ್‌ಲೆಸ್ ಪೆಡಲಿನಲ್ಲಿ ಆ ಧಾರಾಳ ಇಲ್ಲ. ಪಾದ ಪೆಡಲಿನ ನಡುವಿನ ಕಂಬಿ, ಅಂದರೆ ಆಕ್ಸಲಿಗೆ ಹತ್ತಿರ ಇರಬೇಕು, ಪೆಡಲ್ ಕಲ್ಲಿಗೆ ತಾಗಬಾರದು, ತೂಕ ಕಡಿಮೆ ಇರಬೇಕು. ಹಾಗಾಗಿ ಒಳಗಿನ ಬಾಲ್ಸು ಸಾಸಿವೆ ಕಾಳಿಗಿಂತ ಒಂಚೂರು ದಪ್ಪ, ಅಷ್ಟೇ. ಅಷ್ಟು ಸಣ್ಣ ಕಾಳುಗಳ ಮೇಲೆ ಇಡೀ ಮನುಷ್ಯನ ಭಾರ, ಜಿಗಿದು ಇಳಿದಾಗ ಅದರ ಎಷ್ಟೋ ಪಟ್ಟು. ಆಕ್ಸಲನ್ನು ಹಿಡಿದಿರುವುದು ಕ್ರ್ಯಾಂಕಿನ, ಅಂದರೆ ಪೆಡಲ್ ಕೂರಿಸುವ ತೋಳಿನ, ಬದಿಯ ಒಂದೇ ತುದಿ. ಜತೆಗೆ ಶೂ ಕಚ್ಚಿಕೊಂಡಿರುವುದರಿಂದ ತುಳಿಯುವುದಷ್ಟೇ ಅಲ್ಲ, ಮೇಲಕ್ಕೆ ಎಳೆಯುವುದು, ಪಕ್ಕಕ್ಕೆ ತಿರುಚುವುದು ಎಲ್ಲವೂ ಬೇರಿಂಗಿಗೇ. ಕೂದಲೆಳೆಯಷ್ಟು ಅಲ್ಲಾಡಿದರೂ ಪಾದಕ್ಕೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಇದೆ. ಪೆಡಲ್ ತಿರುಗುವುದು ನಿಧಾನ, ನಿಮಿಷಕ್ಕೆ 60ರಿಂದ 90 ಸುತ್ತು. ಬೇರಿಂಗ್ ವೇಗವಾಗಿ ತಿರುಗಿದರೆ ಉಕ್ಕು ಉಕ್ಕಿಗೆ ತಾಗದ ಹಾಗೆ ಮಧ್ಯೆ ಗ್ರೀಸಿನ ತೆಳು ಪೊರೆ ಏಳುತ್ತದೆ. ಭಾರ ಜಾಸ್ತಿ, ವೇಗ ಕಡಿಮೆ ಆದರೆ ಆ ಪೊರೆ ಸರಿಯಾಗಿ ಏಳುವುದಿಲ್ಲ. ಅಲ್ಲಿ ಒಳ್ಳೆಯ ಗ್ರೀಸೇ ಗತಿ.

ಗುಡ್ಡದ ಸೈಕಲಿಗೂ ಗ್ರೀಸಿಗೂ ಹುಟ್ಟಿನಿಂದಲೇ ನಂಟು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಕೆಲವು ಗೆಳೆಯರು ಹಳೇ ಸೈಕಲ್‌ಗಳಲ್ಲಿ ಗುಡ್ಡ ಇಳಿಯುವ ರೇಸ್ ಶುರು ಮಾಡಿದರು. ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್‌ನ ಒಳಗೆ. ಕೆಳಗೆ ಬರುವಷ್ಟರಲ್ಲಿ ಅದರ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಲೇಬೇಕು. ಅದಕ್ಕೇ ಆ ರೇಸಿಗೆ 'ರಿಪ್ಯಾಕ್' ಎಂಬ ಹೆಸರು ಬಂತು. ನಮ್ಮಲ್ಲಿ ಗ್ರೀಸು ಹೋಗುವುದು ಬಿಸಿಯಿಂದಲ್ಲ, ನೀರಿನಿಂದ.

ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೆಲ ಮುರಕಲ್ಲು. ಇದೇ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ಮಲಪ್ಪುರಂ ಬದಿಯ ಅಂಗಾಡಿಪುರದಲ್ಲಿ ಕಂಡ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಬುಕಾನನ್, 1807ರ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ 'ಲ್ಯಾಟರ್' ಅಂದರೆ ಇಟ್ಟಿಗೆ. ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ, ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗಗಳು ಇಷ್ಟು ಕಾಲ ನಿಂತದ್ದೂ ಇದರ ಗಟ್ಟಿತನದಿಂದ. ಆದರೆ ಸವೆದ ಕಲ್ಲು ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ದಾರಿಯಲ್ಲಿ ನುಣ್ಣನೆ ಹುಡಿಯಾಗುತ್ತದೆ, ಮಳೆಗೆ ಅದೇ ಬಣ್ಣದ ನೀರು. ಆ ನೀರು ಪೆಡಲಿನ ಸೀಲು ದಾಟುತ್ತದೆ, ಹುಡಿಯನ್ನೂ ಜತೆಗೆ ಒಯ್ಯುತ್ತದೆ. ಗ್ರೀಸು ನೀರು ಕುಡಿದು ಮಜ್ಜಿಗೆಯ ಹಾಗಾಗುತ್ತದೆ, ಹುಡಿ ಅದರಲ್ಲಿ ಸಾಣೆಯ ಪುಡಿಯಾಗುತ್ತದೆ. ಅದರಲ್ಲಿರುವ ಮರಳಿನ ಕಣ ಬೇರಿಂಗಿನ ಉಕ್ಕನ್ನೂ ಗೀರಬಲ್ಲದು.

ಮತ್ತೆ ನಾವೇ ಮಾಡುವ ಒಂದು ತಪ್ಪಿದೆ. ಅಡಿಕೆಗೆ ಮದ್ದು ಬಿಡುವ ಪಂಪು ಮನೆಯಲ್ಲೇ ಇರುತ್ತದೆ ಅಲ್ವಾ? ಸವಾರಿ ಮುಗಿಸಿ ಬಂದು ಅದರಲ್ಲೇ ಸೈಕಲ್ ತೊಳೆಯುತ್ತೇವೆ. ನಾನೂ ಮಾಡುತ್ತಿದ್ದೆ. ತೆಂಗಿನೆತ್ತರಕ್ಕೆ ಬೋರ್ಡೋ ಮದ್ದು ಹಾರಿಸುವ ಒತ್ತಡದ ಮುಂದೆ ಆ ರಬ್ಬರ್ ಸೀಲು ಏನೂ ಅಲ್ಲ. ಹೊರಗಿನ ಕೆಸರು ಹೋಗುತ್ತದೆ, ಅರ್ಧ ಒಳಗೇ ಹೋಗುತ್ತದೆ.

ಕಂಪನಿಗಳು ಕೈಕಟ್ಟಿ ಕೂತಿಲ್ಲ. ಶಿಮಾನೋ ಬಿಡಿ ಬಾಲ್ಸು ಮತ್ತು ಕೋನನ್ನೇ ನೆಚ್ಚಿಕೊಂಡಿತು. ಬಿಚ್ಚಬಹುದು, ತೊಳೆಯಬಹುದು, ಬಿಗಿ ಹೊಂದಿಸಬಹುದು. ಬಿಗಿ ಜಾಸ್ತಿಯಾದರೆ ಮಾತ್ರ ಬಾಲ್ಸು ಬೇಗ ಹಾಳು. ಇನ್ನು ಕೆಲವರು ಒಂದು ತುದಿಗೆ ಬಾಲ್ಸನ್ನು ಒಳಗೇ ಮುಚ್ಚಿಟ್ಟ ಕಾರ್ಟ್ರಿಜ್ ಬೇರಿಂಗ್, ಕ್ರ್ಯಾಂಕ್ ಬದಿಗೆ ಬಾಲ್ಸಿಲ್ಲದ ಬಳೆಯಂಥ ಬುಶ್ ಹಾಕಿದರು. ಬುಶ್ಶಿಗೆ ಜಾಗ ಕಡಿಮೆ ಸಾಕು. ಆದರೆ ಅದು ಸವೆದರೆ ಆಕ್ಸಲ್ ಓರೆಯಾಗಿ ಅಲ್ಲಾಡುತ್ತದೆ, ಆ ಓರೆ ಭಾರ ಪುಟ್ಟ ಕಾರ್ಟ್ರಿಜ್ಜಿನ ಮೇಲೆ ಬೀಳುತ್ತದೆ. ನೋಡುವವರು ಬೇರಿಂಗ್ ಹೋಯಿತು ಅನ್ನುತ್ತಾರೆ, ಮೊದಲು ಹೋದದ್ದು ಬುಶ್. ಬೇರಿಂಗ್ ಮಾತ್ರ ಬದಲಿಸಿದವರಿಗೆ ಮತ್ತೆ ಮತ್ತೆ ಖರ್ಚಾಗುವುದು ಇದರಿಂದಲೇ. ನನಗೆ ತುಂಬ ಹಿಡಿಸಿದ್ದು ಗ್ರೀಸ್ ಗನ್ನಿನ ಉಪಾಯ. ಸ್ಪೀಡ್‌ಪ್ಲೇ ಕಂಪನಿಯ ಹಳೇ ಪೆಡಲುಗಳಲ್ಲೂ ಹಳೇ ಎಗ್‌ಬೀಟರುಗಳಲ್ಲೂ ತುದಿಯಿಂದ ಹೊಸ ಗ್ರೀಸು ಒತ್ತಿದರೆ, ಹಳೇ ರಾಡಿ ಕ್ರ್ಯಾಂಕ್ ಬದಿಯಿಂದ ಹೊರಗೆ ಬರುತ್ತದೆ. ಶುದ್ಧ ಗ್ರೀಸು ಕಾಣುವವರೆಗೆ ಒತ್ತುವುದು, ಅಷ್ಟೇ ಕೆಲಸ. ನಮ್ಮಂಥ ಊರಿನ ಪೆಡಲಿಗೆಲ್ಲ ಈ ದಾರಿ ಇರಬೇಕಿತ್ತು.

ಅದಿಲ್ಲದ ಪೆಡಲನ್ನು ಬಿಚ್ಚಲೇಬೇಕು. ಎಡ ಪೆಡಲಿನ ಥ್ರೆಡ್ ಉಲ್ಟಾ ಎಂಬುದು ನೆನಪಿರಲಿ, ಕ್ರ್ಯಾಂಕಿನ ಥ್ರೆಡ್ ಹೋದರೆ ಪೆಡಲಿಗಿಂತ ದೊಡ್ಡ ಖರ್ಚು. ಮೆಕ್ಯಾನಿಕ್ ಅಣ್ಣ ನನ್ನ ಎದುರೇ ಒಂದು ಅಡಿಕೆ ಹಾಳೆಯ ಬಟ್ಟಲಲ್ಲಿ ಸೀಮೆಎಣ್ಣೆ ಹಾಕಿ ಬಾಲ್ಸು ತೊಳೆದರು. ಒಂದೊಂದನ್ನೇ ಬಟ್ಟೆಯ ಮೇಲಿಟ್ಟು ಬೆಳಕಿಗೆ ಹಿಡಿದರು. ಎಷ್ಟೋ ಬಾಲ್ಸು ಕನ್ನಡಿ ಹೊಳಪು ಹೋಗಿ ಮಂಕಾಗಿದ್ದವು, ಎರಡರ ಮೇಲೆ ಚುಕ್ಕೆ ಚುಕ್ಕೆ ಗುಳಿ. ಕೋನಿನ ಸುತ್ತ ಉಗುರಿಗೆ ಸಿಗುವಂಥ ಒಂದು ಗೆರೆ. ಕೋನು ಹಾಗಾದ ಮೇಲೆ ಹೊಸ ಬಾಲ್ಸು ಹಾಕಿಯೂ ಪ್ರಯೋಜನವಿಲ್ಲ. ಆ ಪೆಡಲನ್ನೇ ಎಸೆಯಬೇಕಾಯಿತು.

ಇನ್ನೊಂದು ಬದಿಯ ಪೆಡಲ್ ಉಳಿಯಿತು. ಅವರು ಅದಕ್ಕೆ ನೀರಿಗೆ ಜಗ್ಗದ ದಪ್ಪ ಗ್ರೀಸ್ ತುಂಬಿ, ಬೆರಳಲ್ಲಿ ಜೋರಾಗಿ ತಿರುಗಿಸಿ ತೋರಿಸಿದರು. ಅರ್ಧ ಸುತ್ತು ಮೆಲ್ಲನೆ ತಿರುಗಿ ನಿಂತಿತು. ನಾನು ಜಾಮ್ ಆಯಿತೋ ಅಂತ ಹೆದರಿದೆ. "ಇದು ಸರಿ. ಫ್ಯಾನಿನ ಹಾಗೆ ಗಿರ್ರನೆ ತಿರುಗಿದರೆ ಒಳಗೆ ಗ್ರೀಸ್ ಖಾಲಿ ಅಂತ ತಿಳ್ಕೊಳ್ಳಿ" ಅಂದರು. ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಜಗಲಿಯಲ್ಲಿ ಸೈಕಲ್ ನಿಲ್ಲಿಸಿ ಎರಡೂ ಪೆಡಲ್ ತಿರುಗಿಸಿ ನೋಡುತ್ತೇನೆ. ಸಲೀಸಾಗಿ ಸುತ್ತತೊಡಗಿದರೆ ಸ್ಪ್ಯಾನರ್ ತೆಗೆಯುತ್ತೇನೆ.